ಡಿಕ್ಕಿ ಬಾಗಿಲಿಗೆ ಬಂದ ಜ್ವರ



ಈ ತಿಂಗಳ ನನ್ನ ಬರಹ ಹಬ್ಬದ ಬಗ್ಗೆ ಅಲ್ಲ, ಅಡುಗೆಯ ಬಗ್ಗೆಯೂ ಅಲ್ಲ. ಕಾರಿನ ಡಿಕ್ಕಿಯ ಬಗ್ಗೆ. ನಗಬೇಡಿ. ನಮ್ಮ ಕನ್ನಡ ಶಾಲೆಯ ಪಾರ್ಕಿಂಗ್ ಜಾಗದಲ್ಲಿ ಭಾನುವಾರ ನಿಲ್ಲುವ ಗಾಡಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಿನಿವ್ಯಾನ್ ಅಥವಾ ಎಸ್‌ಯುವಿ. ಗುಂಡಿ ಒತ್ತಿದರೆ ಹಿಂದಿನ ಬಾಗಿಲು ತಾನಾಗಿ ಮೇಲೇಳುತ್ತದೆ, ಇನ್ನೊಮ್ಮೆ ಒತ್ತಿದರೆ ತಾನಾಗಿ ಇಳಿಯುತ್ತದೆ. ಹೊಸದರಲ್ಲಿ ಎಲ್ಲವೂ ಚೆಂದ. ಗಾಡಿಗೆ ಹತ್ತು ವರ್ಷ ದಾಟಿದ ಮೇಲೆ ಇದೇ ಬಾಗಿಲು ಹಠ ಶುರು ಮಾಡುತ್ತದೆ. ನಿಮ್ಮ ಮನೆಯಲ್ಲಿ ಇನ್ನೂ ಆಗಿಲ್ಲದಿದ್ದರೆ ಮುಂದೆ ಆಗಬಹುದು. ಆಗ ಈ ಪುಟ ನೆನಪಾಗಲಿ.

ಮೊದಲು ಮಕ್ಕಳಿಗೆ ಒಂದು ಪದದ ಮಾತು. ನೀವೆಲ್ಲ 'ಟ್ರಂಕ್' ಅನ್ನುತ್ತೀರಿ. ಬೆಂಗಳೂರಿನಲ್ಲಿ ಅಜ್ಜ ಅಜ್ಜಿ 'ಡಿಕ್ಕಿ' ಅನ್ನುತ್ತಾರೆ. ಹಳೆಯ ಕಾಲದ ಕಾರುಗಳ ಹಿಂಭಾಗದಲ್ಲಿ ಮಡಚಿಡುವ ಒಂದು ಸೀಟು ಇರುತ್ತಿತ್ತು. ಬ್ರಿಟಿಷರು ಅದನ್ನು 'ಡಿಕ್ಕಿ ಸೀಟ್' ಎನ್ನುತ್ತಿದ್ದರು. ಸೀಟು ಹೋಯಿತು, ಬ್ರಿಟಿಷರೂ ಹೋದರು, ಹೆಸರು ಮಾತ್ರ ನಮ್ಮಲ್ಲಿ ಉಳಿಯಿತು. ಕನ್ನಡದಲ್ಲಿ ಇನ್ನೊಂದು 'ಡಿಕ್ಕಿ' ಇದೆ. ಒಂದು ಗಾಡಿ ಇನ್ನೊಂದಕ್ಕೆ ಗುದ್ದುವುದು. ಎರಡನ್ನೂ ಒಂದೇ ವಾಕ್ಯದಲ್ಲಿ ಬಳಸಿ ನೋಡಿ: "ಲಾರಿ ಡಿಕ್ಕಿ ಹೊಡೆದು ಕಾರಿನ ಡಿಕ್ಕಿ ನಜ್ಜುಗುಜ್ಜಾಯಿತು." ಅಮ್ಮನಿಗೆ ಹೇಳಿ, ಶಭಾಷ್ ಅನ್ನುತ್ತಾರೆ.

ಮೂರು ಊರು ಕಂಡ ಗಾಡಿ

ನಮ್ಮದು 2012ರ ಮಿನಿವ್ಯಾನ್. ಯಾವ ಕಂಪನಿಯದು ಎಂದು ಹೇಳುವುದಿಲ್ಲ. ಎಲ್ಲ ಕಂಪನಿಗಳ ಹಳೆಯ ಗಾಡಿಗಳಿಗೂ ಬರುವ ಕಾಯಿಲೆ ಇದು, ಒಬ್ಬರ ಮೇಲೆ ಹೊರಿಸುವುದು ನ್ಯಾಯವಲ್ಲ. ಅಟ್ಲಾಂಟದಲ್ಲಿ ಕೊಂಡೆವು. ಮಗಳು ಹುಟ್ಟಿದ ವರ್ಷ ಅದು. ಆಮೇಲೆ ಕೆಲಸ ಬದಲಾಗಿ ಶಾರ್ಲೆಟ್‌ಗೆ ಬಂದೆವು, ಅಲ್ಲಿಂದ ಉತ್ತರ ವರ್ಜೀನಿಯಾಕ್ಕೆ. ಮನೆ ಬದಲಾಯಿಸಿದಾಗಲೆಲ್ಲ ಅದೇ ಗಾಡಿ ಐ-85 ಹೆದ್ದಾರಿಯಲ್ಲಿ ನಮ್ಮ ಪಾತ್ರೆ ಪಗಡ, ದೇವರ ಪೆಟ್ಟಿಗೆ, ಒನಕೆ ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಹೊತ್ತು ತಂದಿದೆ. ಅಟ್ಲಾಂಟದಿಂದ ವಾಷಿಂಗ್ಟನ್‌ಗೆ ಸುಮಾರು 640 ಮೈಲಿ. ಇದೇ ಐ-85ರ ದಂಡೆಯಲ್ಲಿ, ದಕ್ಷಿಣ ಕೆರೊಲಿನಾದ ಸ್ಪಾರ್ಟನ್‌ಬರ್ಗ್ ಹತ್ತಿರ 1994ರಿಂದ ಬಿಎಂಡಬ್ಲ್ಯು ಕಾರ್ಖಾನೆ ಇದೆ. ಅಟ್ಲಾಂಟದಿಂದ ಕೆಳಗೆ ವೆಸ್ಟ್ ಪಾಯಿಂಟ್‌ನಲ್ಲಿ 2009ರಿಂದ ಕಿಯಾ ಕಾರ್ಖಾನೆ ಇದೆ. ಅಂದರೆ ಹೀಗೆ ಮೇಲೇಳುವ ಬಾಗಿಲಿನ ಗಾಡಿಗಳು ನಮ್ಮ ದಾರಿಯಲ್ಲೇ ತಯಾರಾಗುತ್ತವೆ. ಮುಂದಿನ ಸಲ ಆ ಕಡೆ ಹೋದಾಗ ಮಕ್ಕಳಿಗೆ ತೋರಿಸಿ.

ಕಳೆದ ಚಳಿಗಾಲದಲ್ಲಿ ನಮ್ಮ ಗಾಡಿಯ ಬಾಗಿಲು ಎರಡು ರೀತಿ ತೊಂದರೆ ಕೊಡತೊಡಗಿತು. ಕೆಲವೊಮ್ಮೆ ಗುಂಡಿ ಒತ್ತಿದರೆ 'ಟಕ್' ಎಂದು ಸದ್ದು, ಆಮೇಲೆ ಮೂರು 'ಬೀಪ್', ಅಷ್ಟೇ, ಬಾಗಿಲು ಅಲ್ಲಾಡುವುದಿಲ್ಲ. ಇನ್ನು ಕೆಲವೊಮ್ಮೆ ಪೂರ್ತಿ ಮೇಲೆ ಹೋಗಿ, ಸ್ವಲ್ಪ ಹೊತ್ತು ನಿಂತು, ಸುಮ್ಮನೆ ಕೆಳಗಿಳಿಯುತ್ತದೆ.

ಎರಡನೆಯದೇ ಅಪಾಯ. ಅರಸೀಕೆರೆಯಿಂದ ನಮ್ಮ ಅತ್ತೆ ಆರು ತಿಂಗಳಿಗೆಂದು ಬಂದಿದ್ದರು. ಡಿಸೆಂಬರ್‌ನ ಒಂದು ಬೆಳಿಗ್ಗೆ ದಿನಸಿ ಅಂಗಡಿಯ ಮುಂದೆ ಅವರು ಬಗ್ಗಿ ಸೊಪ್ಪಿನ ಚೀಲ ಇಡುತ್ತಿದ್ದಾಗ ಬಾಗಿಲು ಇಳಿದು ಭುಜಕ್ಕೆ ಬಡಿಯಿತು. ಒಂದು ವಾರ ಭುಜ ನೀಲಿಯಾಗಿತ್ತು. ಇಂಥ ಬಾಗಿಲಲ್ಲಿ ಉಕ್ಕಿನ ಹಾಳೆ, ಗಾಜು, ವೈಪರಿನ ಮೋಟಾರು, ಚಿಲಕ ಎಲ್ಲ ಸೇರಿರುತ್ತವೆ; ನಾವು ತರುವ 20 ಪೌಂಡಿನ ಅಕ್ಕಿ ಚೀಲ ಎರಡಕ್ಕಿಂತ ಭಾರ. ಅದು ತಲೆಗೆ ಬಿದ್ದಿದ್ದರೆ? ಅತ್ತೆ ಜೋರು ಮಾಡಲಿಲ್ಲ. ಮನೆಗೆ ಬಂದು ಕಾಫಿ ಕುಡಿಯುತ್ತ ಒಂದೇ ಮಾತು ಹೇಳಿದರು: "ಬಾಗಿಲು ತಾನಾಗೇ ಏಳೋದು ದೊಡ್ಡದಲ್ಲ ಕಣಮ್ಮ, ತಾನಾಗೇ ಬೀಳದೆ ಇರೋದು ದೊಡ್ಡದು."

ಒಂದು ಗ್ಯಾರೇಜಿಗೆ ತೋರಿಸಿದೆವು. ಬಾಗಿಲನ್ನು ಎತ್ತುವ ಮೋಟಾರಿನ ಇಡೀ ಘಟಕವನ್ನೇ ಬದಲಾಯಿಸಬೇಕು, 1,650 ಡಾಲರ್ ಆಗುತ್ತದೆ ಎಂದು ಚೀಟಿ ಬರೆದುಕೊಟ್ಟರು. ಆ ಹೊತ್ತಿಗೆ ನಮ್ಮ ಮನೆಯಲ್ಲಿ ಇಬ್ಬರ ಸಂಬಳದಲ್ಲಿ ಒಂದು ನಿಂತು ಎರಡು ತಿಂಗಳಾಗಿತ್ತು. ಹೊಸ ಗಾಡಿಯ ಮಾತು ದೂರ. 1,650 ಡಾಲರ್ ಅಂದರೆ ಒಂದು ತಿಂಗಳ ದಿನಸಿ, ಕರೆಂಟು, ಮಗಳ ಪಿಯಾನೋ ತರಗತಿ ಎಲ್ಲ ಸೇರಿಸಿದಷ್ಟು. ಜನವರಿ ಕೊನೆಯಲ್ಲಿ ಗಾಡಿಯ ವಾರ್ಷಿಕ ತಪಾಸಣೆಯೂ ಬರಲಿತ್ತು. "ಹಗ್ಗ ಕಟ್ಟಿ ಓಡಿಸಿ" ಎಂದು ಸಲಹೆ ಕೊಟ್ಟವರೂ ಇದ್ದರು. ಅದು ಮಾತ್ರ ಬೇಡ. ಹಿಂದಿನ ಬಾಗಿಲು ಅರೆತೆರೆದು ಓಡಿಸಿದರೆ ಗಾಡಿಯ ಹೊಗೆ ಒಳಗೆ ಸೆಳೆದುಕೊಂಡು ಬರುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಹಿಂದಿನ ಸೀಟಿನಲ್ಲಿ ಕೂರುವುದು ಮಕ್ಕಳೇ ತಾನೆ?

ಅತ್ತೆಯ ಬಳಿ ಇನ್ನೊಂದು ಮಾತಿತ್ತು. ಅರಸೀಕೆರೆಯ ತೆಂಗಿನ ತೋಟದಲ್ಲಿ ಪಂಪ್‌ಸೆಟ್ ನಿಂತಾಗಲೆಲ್ಲ ಮಾವನವರು ಮೋಟಾರು ಬಿಚ್ಚಿ ಪೇಟೆಗೆ ಹೊರಡುವ ಮುಂಚೆ ವೈರಿನ ಉದ್ದಕ್ಕೂ ನಡೆದು ನೋಡುತ್ತಿದ್ದರಂತೆ. ಎಷ್ಟೋ ಸಲ ಇಲಿ ಕಡಿದ ವೈರೇ ಕಾರಣವಾಗಿರುತ್ತಿತ್ತು. "ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಬಾರದು" ಎಂದರು ಅತ್ತೆ. ಮಗಳಿಗೆ ಗಾದೆ ಅರ್ಥವಾಗಲಿಲ್ಲ. ಅರ್ಥ ಮಾಡಿಸುವುದಕ್ಕೆ ನಮಗೆ ಮೂರು ವಾರ ಬೇಕಾಯಿತು.

ಬಾಗಿಲು ಹೇಗೆ ಕೆಲಸ ಮಾಡುತ್ತದೆ?

ಮಕ್ಕಳೇ, ಈ ಭಾಗ ನಿಮಗೆ. ನೀವು ಗುಂಡಿ ಒತ್ತುತ್ತೀರಿ. ಗಾಡಿಯೊಳಗಿನ ಒಂದು ಸಣ್ಣ ಕಂಪ್ಯೂಟರ್ ಮೊದಲು ನಾಲ್ಕಾರು ಪ್ರಶ್ನೆ ಕೇಳುತ್ತದೆ. ಗಾಡಿ ನಿಂತಿದೆಯೇ? ಗೇರು 'ಪಾರ್ಕ್'ನಲ್ಲಿ ಇದೆಯೇ? ಬೀಗ ತೆರೆದಿದೆಯೇ? ಬ್ಯಾಟರಿಯಲ್ಲಿ ಶಕ್ತಿ ಇದೆಯೇ? ಎಲ್ಲಕ್ಕೂ 'ಹೌದು' ಬಂದರೆ ಚಿಲಕದ ಪುಟ್ಟ ಮೋಟಾರು ಕೊಂಡಿ ಬಿಡಿಸುತ್ತದೆ. ನಿಮಗೆ ಕೇಳುವ 'ಟಕ್' ಅದೇ. ಚಿಲಕದೊಳಗೆ ಒಂದು ಸ್ವಿಚ್ ಇದೆ. ಅದು "ನಾನು ಬಿಡಿಸಿಕೊಂಡೆ" ಎಂದು ಕಂಪ್ಯೂಟರಿಗೆ ಸುದ್ದಿ ಕಳಿಸುತ್ತದೆ. ಸುದ್ದಿ ಬಂದ ಮೇಲೆ ಮಾತ್ರ ದೊಡ್ಡ ಮೋಟಾರು ಬಾಗಿಲನ್ನು ಎತ್ತಲು ಶುರು ಮಾಡುತ್ತದೆ. ಮೋಟಾರು ಎಷ್ಟು ಸುತ್ತು ಸುತ್ತಿತು ಎಂದು ಒಂದು ಸೆನ್ಸರ್ ಎಣಿಸುತ್ತಿರುತ್ತದೆ. ಹಾಗಾಗಿ ಬಾಗಿಲು ಎಲ್ಲಿದೆ ಎಂದು ಕಂಪ್ಯೂಟರಿಗೆ ಗೊತ್ತು. ದಾರಿಯಲ್ಲಿ ಯಾರ ಕೈಯಾದರೂ ಸಿಕ್ಕಿದರೆ ಮೋಟಾರಿನ ವೇಗ ಕುಗ್ಗುತ್ತದೆ, ಅಥವಾ ಅಂಚಿನ ರಬ್ಬರ್ ಪಟ್ಟಿಯ ಸೆನ್ಸರ್ ಒತ್ತಿಕೊಳ್ಳುತ್ತದೆ. ಕೂಡಲೇ ಬಾಗಿಲು ಹಿಂದೆ ಸರಿಯುತ್ತದೆ.

ಇಷ್ಟೆಲ್ಲ ಇದ್ದರೂ ಬಾಗಿಲಿನ ಭಾರವನ್ನು ನಿಜವಾಗಿ ಹೊರುವುದು ಮೋಟಾರಲ್ಲ. ಎರಡೂ ಪಕ್ಕದಲ್ಲಿರುವ ಕಪ್ಪು ಕೊಳವೆಗಳನ್ನು ನೋಡಿದ್ದೀರಲ್ಲ, ಅವು ಗ್ಯಾಸ್ ಸ್ಟ್ರಟ್. ಒಳಗೆ ತುಂಬ ಒತ್ತಡದ ನೈಟ್ರೋಜನ್ ಅನಿಲ ಇದೆ. ಭಾರ ಹೊರುವವು ಇವು, ದಾರಿ ತೋರಿಸುವುದು ಮೋಟಾರು. ಇವನ್ನು ಎಂದೂ ಕೊಯ್ಯಬಾರದು, ತೂತು ಮಾಡಬಾರದು, ಬೆಂಕಿಗೆ ಹಾಕಬಾರದು.

ನೋಟ್‌ಬುಕ್ಕಿನ ಎರಡು ವಾರ

ಬಿಚ್ಚುವ ಮೊದಲು ಬರೆಯೋಣ ಎಂದುಕೊಂಡೆವು. ಕನ್ನಡ ತರಗತಿಯ ಹಳೆಯ ಕಾಪಿ ಪುಸ್ತಕದ ಹಿಂದಿನ ಪುಟಗಳಲ್ಲಿ ಮಗಳು ಐದು ಕಲಂ ಎಳೆದಳು: ದಿನ, ಹೊರಗಿನ ಉಷ್ಣತೆ, ಯಾವ ಗುಂಡಿ, ಏನು ಸದ್ದು, ಏನಾಯಿತು. ದಿನಕ್ಕೆ ಮೂರು ಸಲ, ಬೆಳಿಗ್ಗೆ, ಶಾಲೆಯಿಂದ ಬಂದ ಮೇಲೆ, ರಾತ್ರಿ. ಬಾಗಿಲ ಕೆಳಗೆ ಯಾರೂ ನಿಲ್ಲಬಾರದು, ನೋಡುವವರು ಪಕ್ಕದಲ್ಲೇ ನಿಲ್ಲಬೇಕು ಎನ್ನುವುದು ನಿಯಮ.

ಎರಡು ವಾರಕ್ಕೆ 42 ಪರೀಕ್ಷೆ. 23 ಸಲ ಬಾಗಿಲು ಸರಿಯಾಗಿ ತೆರೆಯಿತು. 19 ಸಲ ಕೈಕೊಟ್ಟಿತು. ಆ 19ರಲ್ಲಿ 13 ಸಲ 'ಟಕ್, ಬೀಪ್, ಬೀಪ್, ಬೀಪ್'. 6 ಸಲ ಮೇಲೆ ಹೋಗಿ ಇಳಿದದ್ದು. ಮಗಳು ಕೆಂಪು ಪೆನ್ನಿನಲ್ಲಿ ಆ ಆರಕ್ಕೆ ಗುರುತು ಹಾಕಿದಳು. ಆರೂ ಬೆಳಗಿನ ಹೊತ್ತಿನವು, ಆರರಲ್ಲೂ ಉಷ್ಣತೆ 30 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮೆ. ಆದರೆ ಆ ಹದಿಮೂರಕ್ಕೆ ಚಳಿಯ ಹಂಗಿರಲಿಲ್ಲ. ಬೆಚ್ಚಗಿದ್ದ ಮಧ್ಯಾಹ್ನವೂ ಆಗಿತ್ತು. "ಅಮ್ಮ, ಇದು ಒಂದು ಕಾಯಿಲೆ ಅಲ್ಲ, ಎರಡು," ಎಂದಳು.

ಇಡೀ ತನಿಖೆಯಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಈ ಮಾತು. ಎರಡು ಕಾಯಿಲೆಯ ಲಕ್ಷಣಗಳನ್ನು ಕಲಸಿ ನೋಡಿದರೆ 'ಎಲ್ಲ ಕೆಟ್ಟಿದೆ, ಎಲ್ಲ ಬದಲಾಯಿಸಿ' ಅನ್ನಿಸುತ್ತದೆ. ಬಿಡಿಸಿ ನೋಡಿದರೆ ಎರಡೂ ಸಣ್ಣವು.

ಮೊದಲ ಕಾಯಿಲೆ: ಚಳಿಗೆ ಸೋತ ಕೊಳವೆ

ಮುಚ್ಚಿದ ಪಾತ್ರೆಯಲ್ಲಿರುವ ಅನಿಲ ತಣ್ಣಗಾದರೆ ಅದರ ಒತ್ತಡ ಇಳಿಯುತ್ತದೆ. ಚಳಿಗಾಲದ ಬೆಳಿಗ್ಗೆ ಟೈರಿನ ಎಚ್ಚರಿಕೆ ದೀಪ ಹತ್ತಿಕೊಳ್ಳುವುದೂ ಇದೇ ಕಾರಣಕ್ಕೆ. ಲೆಕ್ಕ ಹಾಕೋಣ. 70 ಡಿಗ್ರಿ ಫ್ಯಾರನ್‌ಹೀಟ್ ಅಂದರೆ ಸುಮಾರು 294 ಕೆಲ್ವಿನ್. 20 ಡಿಗ್ರಿ ಅಂದರೆ ಸುಮಾರು 266 ಕೆಲ್ವಿನ್. 266ನ್ನು 294ರಿಂದ ಭಾಗಿಸಿ: 0.90 ಚಿಲ್ಲರೆ. ಅಂದರೆ ಅಟ್ಲಾಂಟದ ಹಿತವಾದ ಸಂಜೆಗೂ ವಾಷಿಂಗ್ಟನ್ನಿನ ಜನವರಿ ಬೆಳಗಿಗೂ ನಡುವೆ ಕೊಳವೆಯ ಒತ್ತಡ ನೂರಕ್ಕೆ ಒಂಬತ್ತರಷ್ಟು ಕಡಿಮೆ. ಹೊಸ ಕೊಳವೆಗೆ ಇದು ಲೆಕ್ಕಕ್ಕಿಲ್ಲ. ಹದಿಮೂರು ವರ್ಷದಲ್ಲಿ ಸ್ವಲ್ಪ ಸ್ವಲ್ಪ ಅನಿಲ ಸೋರಿ ಅಂಚಿಗೆ ಬಂದಿರುವ ಕೊಳವೆಗೆ ಆ ಒಂಬತ್ತೇ ಸಾಕು, ಬಾಗಿಲು ಇಳಿಯುತ್ತದೆ.

ಪರೀಕ್ಷೆ ಸುಲಭ. ಮೋಟಾರಿನ ಮುಖ್ಯ ಸ್ವಿಚ್ ಆಫ್ ಮಾಡಿ. ಬಹಳ ಗಾಡಿಗಳಲ್ಲಿ ಇದು ಗ್ಲೋವ್ ಬಾಕ್ಸಿನಲ್ಲಿ ಅಥವಾ ಸ್ಟಿಯರಿಂಗ್ ಪಕ್ಕದಲ್ಲಿ ಇರುತ್ತದೆ. ಇಬ್ಬರು ದೊಡ್ಡವರು ಸೇರಿ ಬಾಗಿಲನ್ನು ಕೈಯಿಂದ ಮೆಲ್ಲಗೆ ಎತ್ತಿ. ಮುಕ್ಕಾಲು ಎತ್ತರದಲ್ಲಿ ಭಾರ ಕೈಗೆ ಬಂದರೆ ಕೊಳವೆ ಸೋತಿದೆ ಎಂದರ್ಥ. ಕೊಳವೆಯ ಕಡ್ಡಿಯ ಮೇಲೆ ಎಣ್ಣೆಯ ಜಿಡ್ಡು ಕಂಡರೂ ಹಾಗೆಯೇ.

ಬದಲಾಯಿಸುವಾಗ ಒಂದು ಎಚ್ಚರಿಕೆ. ಕೆಲವು ಗಾಡಿಗಳಲ್ಲಿ ಎತ್ತುವ ಮೋಟಾರು ಈ ಕೊಳವೆಯೊಳಗೇ ಇರುತ್ತದೆ. ಅಂಥದ್ದಕ್ಕೆ ಸಾಮಾನ್ಯ ಕೊಳವೆ ಹೊಂದುವುದಿಲ್ಲ. ಮೋಟಾರು ಇರುವ ಬಾಗಿಲಿಗೂ ಇಲ್ಲದ ಬಾಗಿಲಿಗೂ ಬೇರೆ ಬೇರೆ ಬಲದ ಕೊಳವೆಗಳಿವೆ. ಗಾಡಿಯ 17 ಅಕ್ಷರ ಅಂಕಿಗಳ ವಿನ್ ಸಂಖ್ಯೆ ಕೊಟ್ಟೇ ತರಿಸಿ. ನಮ್ಮದರಲ್ಲಿ ಮೋಟಾರು ಬೇರೆ, ಕೊಳವೆ ಬೇರೆ ಇದ್ದದ್ದರಿಂದ ಜೋಡಿಗೆ 64 ಡಾಲರ್‌ನಲ್ಲಿ ಮುಗಿಯಿತು. ಒಬ್ಬರು ಗಟ್ಟಿ ಮರದ ಕೋಲನ್ನು ಬಾಗಿಲಿಗೆ ಆನಿಸಿ ಹಿಡಿದಿದ್ದರು, ಇನ್ನೊಬ್ಬರು ಒಂದೊಂದಾಗಿ ಬದಲಾಯಿಸಿದರು. ಎರಡನ್ನೂ ಒಟ್ಟಿಗೆ ತೆಗೆಯಬಾರದು. ಒಂದು ಮಾತ್ರ ಹೊಸದು ಹಾಕುವುದೂ ಬೇಡ. ಬಾಗಿಲು ಒಂದು ಕಡೆಗೆ ವಾಲುತ್ತದೆ.

ಅಂದಿನಿಂದ ಬಾಗಿಲು ತಾನಾಗಿ ಬಿದ್ದಿಲ್ಲ. ಅತ್ತೆಯನ್ನು ಕರೆದು ತೋರಿಸಿದೆವು. ಅವರು ಒಂದು ಹೆಜ್ಜೆ ಹಿಂದೆಯೇ ನಿಂತು ನೋಡಿದರು.

ಎರಡನೆಯ ಕಾಯಿಲೆ: ನಂಬರ್ ಪ್ಲೇಟಿನ ದೀಪ ಹೇಳಿದ್ದು

ಆ ಹದಿಮೂರು ಉಳಿದವು. ಬ್ಯಾಟರಿ ಅಳೆದೆವು, 12.5 ವೋಲ್ಟ್. ನಿಂತ ಗಾಡಿಯಲ್ಲಿ ತುಂಬಿದ ಬ್ಯಾಟರಿ ಸುಮಾರು 12.6 ತೋರಿಸುತ್ತದೆ, 12.2ಕ್ಕೆ ಇಳಿದರೆ ಅರ್ಧ ಖಾಲಿ. ನಮ್ಮದು ಸರಿಯಿತ್ತು. ಫ್ಯೂಸೂ ಸರಿಯಿತ್ತು. ಗುಂಡಿ ಯಾವುದಾದರೂ ಒಂದೇ: ಕೀಲಿಯದು, ಚಾಲಕನ ಪಕ್ಕದ್ದು, ಹೊರಗಿನ ಹಿಡಿಯದು ಮೂರೂ ಒಂದೇ ರೀತಿ ವರ್ತಿಸಿದವು. ಆದ್ದರಿಂದ ಗುಂಡಿಗಳ ತಪ್ಪಲ್ಲ. 'ಟಕ್' ಕೇಳುತ್ತಿತ್ತು, ಅಂದರೆ ಚಿಲಕ ಬಿಡಿಸಿಕೊಳ್ಳುತ್ತಿತ್ತು.

ಆಮೇಲೆ ಒಂದು ಪರೀಕ್ಷೆ ಮಾಡಿದೆವು. 'ಬೀಪ್' ಬಂದು ನಿಂತ ಬಾಗಿಲನ್ನು ಕೈಯಿಂದ ಅರ್ಧ ಎತ್ತಿ, ಗುಂಡಿ ಒತ್ತಿದೆವು. ಮೋಟಾರು ಸದ್ದಿಲ್ಲದೆ ಉಳಿದರ್ಧ ಎತ್ತಿತು! ಮೋಟಾರು ಸತ್ತಿದ್ದರೆ ಅರ್ಧದಿಂದ ಮಾತ್ರ ಹೇಗೆ ಎತ್ತುತ್ತದೆ? ಎಮ್ಮೆ ಆರೋಗ್ಯವಾಗಿತ್ತು. ಜ್ವರ ಬೇರೆ ಕಡೆ.

ಸುಳಿವು ಕೊಟ್ಟದ್ದು ನಂಬರ್ ಪ್ಲೇಟಿನ ಪುಟ್ಟ ದೀಪ. ತಪಾಸಣೆಗೆ ಮುಂಚೆ ಎಲ್ಲ ದೀಪ ನೋಡುವಾಗ ಅದು ಮಿಣುಕುತ್ತಿತ್ತು. ಹೊಸ ಬಲ್ಬ್ ಹಾಕಿದರೂ ಮಿಣುಕಾಟ ನಿಲ್ಲಲಿಲ್ಲ. ಹಿಂದಿನ ಗಾಜಿನ ವೈಪರೂ ಒಮ್ಮೊಮ್ಮೆ ನಡುವೆ ನಿಲ್ಲುತ್ತಿತ್ತು. ನಂಬರ್ ದೀಪ, ವೈಪರ್, ಚಿಲಕದ ಸ್ವಿಚ್: ಈ ಮೂರಕ್ಕೂ ಏನು ಸಂಬಂಧ? ಮಕ್ಕಳೇ, ಒಂದು ನಿಮಿಷ ಓದು ನಿಲ್ಲಿಸಿ ಯೋಚಿಸಿ.

ಮೂರೂ ಬಾಗಿಲಿನ ಮೇಲಿವೆ. ಮೂರರ ವೈರುಗಳೂ ಗಾಡಿಯ ಛಾವಣಿಯಿಂದ ಬಾಗಿಲಿಗೆ ಒಂದೇ ದಾರಿಯಲ್ಲಿ, ಕೀಲಿನ ಪಕ್ಕದ ಒಂದು ರಬ್ಬರ್ ತೋಳಿನೊಳಗೆ ದಾಟುತ್ತವೆ. ಬಾಗಿಲು ತೆರೆದಾಗ ಒಮ್ಮೆ, ಮುಚ್ಚಿದಾಗ ಒಮ್ಮೆ ಆ ವೈರುಗಳು ಬಾಗುತ್ತವೆ. ದಿನಕ್ಕೆ ನಾಲ್ಕು ಸಲ ತೆರೆದರೆ ವರ್ಷಕ್ಕೆ 1,460. ಹದಿಮೂರು ವರ್ಷಕ್ಕೆ 18,980. ಒಂದು ಪೇಪರ್ ಕ್ಲಿಪ್ ತೆಗೆದುಕೊಂಡು ಹಿಂದೆ ಮುಂದೆ ಬಗ್ಗಿಸಿ ನೋಡಿ, ಎಷ್ಟು ಸಲಕ್ಕೆ ಮುರಿಯುತ್ತದೆ? ಇದಕ್ಕೆ ಲೋಹದ ದಣಿವು ಎನ್ನುತ್ತಾರೆ. ಒಂದು ಸಲದ ಹೊಡೆತಕ್ಕೆ ಮುರಿಯದ ಲೋಹ ಸಾವಿರ ಸಲದ ಸಣ್ಣ ಸೆಳೆತಕ್ಕೆ ಸೋಲುತ್ತದೆ. 1954ರಲ್ಲಿ ಬ್ರಿಟನ್ನಿನ ಕಾಮೆಟ್ ಎಂಬ ಜೆಟ್ ವಿಮಾನಗಳು ಎರಡು, ಕೆಲವೇ ತಿಂಗಳ ಅಂತರದಲ್ಲಿ ಆಕಾಶದಲ್ಲೇ ಒಡೆದು ಬಿದ್ದವು. ವಿಜ್ಞಾನಿಗಳು ಒಂದು ಇಡೀ ವಿಮಾನದ ಒಡಲನ್ನು ನೀರಿನ ತೊಟ್ಟಿಯಲ್ಲಿಟ್ಟು ಮತ್ತೆ ಮತ್ತೆ ಒತ್ತಡ ಕೊಟ್ಟು ಇಳಿಸಿ ಕಾರಣ ಹುಡುಕಿದರು: ಲೋಹದ ದಣಿವು. ನಮ್ಮ ಡಿಕ್ಕಿಯ ವೈರಿಗೂ ವಿಮಾನಕ್ಕೂ ಒಂದೇ ಪಾಠ.

ರಬ್ಬರ್ ತೋಳನ್ನು ಜಾರಿಸಿ ನೋಡಿದರೆ ಕಪ್ಪು ವೈರು ಪೂರ್ತಿ ತುಂಡು, ಪಕ್ಕದ ಎರಡರ ಹೊದಿಕೆ ಬಿರುಕು ಬಿಟ್ಟು ಒಳಗೆ ತಾಮ್ರದ ಒಂದೆರಡು ಎಳೆ ಮಾತ್ರ ಉಳಿದಿತ್ತು. ಬಾಗಿಲು ಮುಚ್ಚಿದಾಗ ತುಂಡಾದ ತುದಿಗಳು ದೂರವಾಗುತ್ತಿದ್ದವು. ಚಿಲಕದ "ನಾನು ಬಿಡಿಸಿಕೊಂಡೆ" ಎಂಬ ಸುದ್ದಿ ಕಂಪ್ಯೂಟರಿಗೆ ಮುಟ್ಟುತ್ತಿರಲಿಲ್ಲ. ಅರ್ಧ ಎತ್ತಿದಾಗ ತುದಿಗಳು ಒಂದಕ್ಕೊಂದು ತಾಗುತ್ತಿದ್ದವು, ಸುದ್ದಿ ಮುಟ್ಟುತ್ತಿತ್ತು. ಎಲ್ಲ ಲೆಕ್ಕವೂ ತಾಳೆಯಾಯಿತು.

ಇಲ್ಲೊಂದು ಸೂಕ್ಷ್ಮ. ಒಂದೇ ಎಳೆ ಉಳಿದ ವೈರಿಗೆ ಮಲ್ಟಿಮೀಟರ್ ಇಟ್ಟರೂ 'ಬೀಪ್' ಎಂದು ಸರಿ ಎನ್ನುತ್ತದೆ. ಆದರೆ ಹೆಚ್ಚು ಕರೆಂಟು ಹರಿಯಬೇಕಾದಾಗ ಸೋಲುತ್ತದೆ. ಸಂಜೆ ಐದು ಗಂಟೆಗೆ ಐ-66ರಲ್ಲಿ ಒಂದೇ ಲೇನ್ ತೆರೆದಿಟ್ಟಂತೆ. ರಸ್ತೆ ಇದೆ, ಆದರೆ ಯಾರೂ ಮನೆ ಸೇರುವುದಿಲ್ಲ. ಹಾಗಾಗಿ ಮೀಟರಿನ ಜೊತೆಗೆ ಕಣ್ಣಿನಿಂದಲೂ ನೋಡಿ, ಒಂದೊಂದು ವೈರನ್ನೂ ಮೆಲ್ಲಗೆ ಎಳೆದು ನೋಡಿ. ಒಳಗೆ ತುಂಡಾಗಿದ್ದರೆ ಹೊದಿಕೆ ರಬ್ಬರಿನಂತೆ ಹಿಗ್ಗುತ್ತದೆ.

ದುರಸ್ತಿ ಹೀಗೆ ಮಾಡಿದೆವು. ಬ್ಯಾಟರಿಯ ಋಣ ತುದಿ ಬಿಚ್ಚಿ ಹತ್ತು ನಿಮಿಷ ಬಿಟ್ಟೆವು. ಬಾಗಿಲಿಗೆ ಕೋಲು ಆನಿಸಿದೆವು. ಕೆಟ್ಟ ಭಾಗವನ್ನು ಕತ್ತರಿಸಿ, ಅದೇ ದಪ್ಪದ, ಸುಲಭವಾಗಿ ಬಾಗುವ ಹೊಸ ವೈರನ್ನು ಸ್ವಲ್ಪ ಉದ್ದವಾಗಿಯೇ ಸೇರಿಸಿದೆವು. ಬೆಸುಗೆಯ ಜಾಗಗಳು ಬಾಗುವ ಭಾಗದಲ್ಲಿ ಬರದಂತೆ, ಎಲ್ಲ ಬೆಸುಗೆಗಳೂ ಒಂದೇ ಕಡೆ ಸೇರದಂತೆ ನೋಡಿಕೊಂಡೆವು. ಮೇಲೆ ಬಿಸಿಗೆ ಕುಗ್ಗುವ ಕೊಳವೆ. ಬರೀ ಟೇಪು ಸುತ್ತಿದರೆ ಒಂದು ಬೇಸಿಗೆ ಬಾಳುತ್ತದೆ, ಅಷ್ಟೇ. ಬೆಸುಗೆ ನನ್ನ ಪತಿಯದು, ಬಣ್ಣಗಳ ಪಟ್ಟಿ ಮಗಳದು, ಟಾರ್ಚು ಅತ್ತೆಯದು. ಸಾಮಾನಿಗೆ 18 ಡಾಲರ್. ಕೊಳವೆಗಳನ್ನೂ ಸೇರಿಸಿದರೆ ಒಟ್ಟು 82.

ಬ್ಯಾಟರಿ ಬಿಚ್ಚಿದ ಮೇಲೆ ಬಾಗಿಲಿನ ಕಂಪ್ಯೂಟರ್ ತನ್ನ ಎಣಿಕೆಯನ್ನು ಮರೆಯಬಹುದು. ಆಗ ಮತ್ತೆ ಕಲಿಸಬೇಕು. ಬಹಳ ಗಾಡಿಗಳಲ್ಲಿ ಕೈಯಿಂದ ಪೂರ್ತಿ ಮುಚ್ಚಿ, ಆಮೇಲೆ ಗುಂಡಿಯಿಂದ ಒಮ್ಮೆ ಪೂರ್ತಿ ತೆರೆದು ಮುಚ್ಚಿದರೆ ಸಾಕು. ಕ್ರಮ ಗಾಡಿಯಿಂದ ಗಾಡಿಗೆ ಬೇರೆ. ಮಾಲೀಕರ ಕೈಪಿಡಿ ನೋಡಿ.

ನಿಮ್ಮ ಗಾಡಿಗೆ ಒಂದು ಕಿರು ಪಟ್ಟಿ

— ಸದ್ದೇ ಇಲ್ಲ: ಮೊದಲು ಮುಖ್ಯ ಸ್ವಿಚ್ ನೋಡಿ. ಮಕ್ಕಳ ಕೈ ತಾಗಿ ಆಫ್ ಆಗಿರುವುದು ಸಾಮಾನ್ಯ. ಆಮೇಲೆ ಫ್ಯೂಸ್, ಬ್ಯಾಟರಿ.
— ಬೀಪ್ ಮಾತ್ರ: ಗೇರು ಪಾರ್ಕ್‌ನಲ್ಲಿದೆಯೇ, ಬೀಗ ತೆರೆದಿದೆಯೇ ನೋಡಿ. ಆಮೇಲೆ ರಬ್ಬರ್ ತೋಳಿನ ವೈರು.
— ಒಳಗಿನ ಗುಂಡಿಗೆ ಏಳುತ್ತದೆ, ಹೊರಗಿನದಕ್ಕೆ ಇಲ್ಲ: ಹೊರಗಿನ ರಬ್ಬರ್ ಗುಂಡಿ ಬಿಸಿಲಿಗೆ ಹಾಳಾಗಿರಬಹುದು.
— ಮುಚ್ಚುತ್ತ ಬಂದು ಮತ್ತೆ ತೆರೆದುಕೊಳ್ಳುತ್ತದೆ: ಚಿಲಕದ ಗುಂಡಿಯಲ್ಲಿ ಕಸ, ಒಣ ಎಲೆ, ಅಥವಾ ಅಂಚಿನ ಸೆನ್ಸರ್ ಪಟ್ಟಿ ಹರಿದಿದೆ.
— ಮೇಲೆ ಹೋಗಿ ಇಳಿಯುತ್ತದೆ: ಗ್ಯಾಸ್ ಕೊಳವೆ. ಇದನ್ನು ನಾಳೆಗೆ ಹಾಕಬೇಡಿ.
— ಕರಕರ ಸದ್ದು, ಎಳೆದಾಡುವುದು: ಮೋಟಾರು ಅಥವಾ ಅದರ ಹಲ್ಲುಚಕ್ರ. ಇದಕ್ಕೆ ಮೆಕ್ಯಾನಿಕ್ ಬೇಕು.

ಹಣ ಖರ್ಚು ಮಾಡುವ ಮೊದಲು ವಿನ್ ಸಂಖ್ಯೆಯನ್ನು ಕೇಂದ್ರ ಸರ್ಕಾರದ ಹೆದ್ದಾರಿ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ತಾಣದಲ್ಲಿ ಹಾಕಿ ನೋಡಿ. ನಿಮ್ಮ ಗಾಡಿಗೆ ಸುರಕ್ಷತೆಯ ರೀಕಾಲ್ ಇದ್ದರೆ, ಗಾಡಿ ಮೊದಲು ಮಾರಾಟವಾಗಿ 15 ವರ್ಷ ದಾಟಿಲ್ಲದಿದ್ದರೆ, ದುರಸ್ತಿ ಉಚಿತ.

ನಮ್ಮ ವರ್ಜೀನಿಯಾದಲ್ಲಿ ವಾರ್ಷಿಕ ಸುರಕ್ಷತಾ ತಪಾಸಣೆಯಲ್ಲಿ ನಂಬರ್ ಪ್ಲೇಟಿನ ದೀಪವನ್ನೂ ನೋಡುತ್ತಾರೆ. ಉತ್ತರ ಕೆರೊಲಿನಾದಲ್ಲೂ ವಾರ್ಷಿಕ ತಪಾಸಣೆ ಇದೆ. ಜಾರ್ಜಿಯಾದಲ್ಲಿ ಅಟ್ಲಾಂಟ ಸುತ್ತಲಿನ 13 ಕೌಂಟಿಗಳಲ್ಲಿ ಹೊಗೆಯ ತಪಾಸಣೆ ಮಾತ್ರ, ದಕ್ಷಿಣ ಕೆರೊಲಿನಾದಲ್ಲಿ ಅದೂ ಇಲ್ಲ. ಅಲ್ಲಿರುವ ಸ್ನೇಹಿತರು ತಾವೇ ವರ್ಷಕ್ಕೊಮ್ಮೆ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕುವುದು ಒಳ್ಳೆಯದು. ಅಟ್ಲಾಂಟದ ಬಿಸಿಲಿಗೆ ರಬ್ಬರ್ ಗಟ್ಟಿಯಾಗಿ ಬಿರಿಯುತ್ತದೆ. ಕೆರೊಲಿನಾದಲ್ಲಿ ವಸಂತಕಾಲದ ಹಳದಿ ಪೈನ್ ಪರಾಗ ನೀರು ಇಳಿಯುವ ಸಂದುಗಳಲ್ಲಿ ಸೇರಿಕೊಳ್ಳುತ್ತದೆ. ನಮ್ಮಲ್ಲಿ ಹಿಮ ಬೀಳುವ ಮುಂಚೆಯೇ ರಸ್ತೆಗೆ ಉಪ್ಪುನೀರು ಹೊಡೆಯುತ್ತಾರೆ, ಅದು ಚಿಲಕವನ್ನೂ ತಾಮ್ರವನ್ನೂ ತಿನ್ನುತ್ತದೆ. ನಮ್ಮ ಗಾಡಿ ಮೂರನ್ನೂ ಉಂಡಿದೆ.

ಕೊನೆಗೆ ಮಕ್ಕಳಿಗೆ ಎರಡು ಮಾತು. ಸೆಡಾನ್ ಕಾರಿನ ಡಿಕ್ಕಿಯೊಳಗೆ ಕತ್ತಲಲ್ಲಿ ಹೊಳೆಯುವ ಒಂದು ಹಿಡಿ ಇರುತ್ತದೆ. ಅಮೆರಿಕದಲ್ಲಿ 2001ರ ಸೆಪ್ಟೆಂಬರ್‌ನಿಂದ ತಯಾರಾದ ಕಾರುಗಳಿಗೆ ಅದು ಕಡ್ಡಾಯ. ಒಳಗೆ ಸಿಕ್ಕಿಕೊಂಡವರು ಎಳೆದರೆ ಡಿಕ್ಕಿ ತೆರೆಯುತ್ತದೆ. ಇವತ್ತೇ ಅಪ್ಪ ಅಮ್ಮನ ಜೊತೆ ಹೋಗಿ ಅದು ಎಲ್ಲಿದೆ ನೋಡಿಕೊಳ್ಳಿ. ಆದರೆ ಡಿಕ್ಕಿಯಲ್ಲಿ ಆಟ ಬೇಡವೇ ಬೇಡ. ಮತ್ತೆ, ಮೇಲೇಳುವ ಯಾವ ಬಾಗಿಲ ಕೆಳಗೂ ಅದು ಪೂರ್ತಿ ನಿಲ್ಲುವ ತನಕ ತಲೆ ಹಾಕಬೇಡಿ.

ಜನವರಿಯ ತಪಾಸಣೆ ಮುಗಿಯಿತು. ಉಳಿದ ದುಡ್ಡಿನಿಂದ ಏನೂ ದೊಡ್ಡದು ಕೊಳ್ಳಲಿಲ್ಲ. ಮನೆಯ ಖರ್ಚಿಗೇ ಆಯಿತು, ಪಿಯಾನೋ ತರಗತಿ ನಿಲ್ಲಲಿಲ್ಲ. ಮಗಳಿಗೆ ಈಗ 'ಎತ್ತಿಗೆ ಜ್ವರ' ಗಾದೆ ಚೆನ್ನಾಗಿ ಅರ್ಥವಾಗಿದೆ. ಮೊನ್ನೆ ಗಣಿತದ ಅಂಕ ಕಡಿಮೆ ಬಂದದ್ದಕ್ಕೆ ನಾನು ಅವಳ ಟಿವಿ ನಿಲ್ಲಿಸಿದಾಗ ಅದೇ ಗಾದೆಯನ್ನು ನನಗೇ ತಿರುಗಿಸಿ ಹೇಳಿದಳು.

ನಿಮ್ಮಲ್ಲಿ ಯಾರ ಡಿಕ್ಕಿ ಬಾಗಿಲಾದರೂ ಹಠ ಮಾಡುತ್ತಿದ್ದರೆ ಭಾನುವಾರ ತರಗತಿ ಬಿಟ್ಟ ಮೇಲೆ ಪಾರ್ಕಿಂಗ್ ಜಾಗದಲ್ಲಿ ಹತ್ತು ನಿಮಿಷ ಉಳಿಯಿರಿ. ಮಲ್ಟಿಮೀಟರ್ ಮತ್ತು ಒಂದು ಗಟ್ಟಿ ಕೋಲು ನಮ್ಮ ಗಾಡಿಯಲ್ಲೇ ಇರುತ್ತವೆ. ಎರಡು ವಾರದ ನೋಟ್‌ಬುಕ್ ಮಾತ್ರ ನೀವೇ ತರಬೇಕು. ಕನ್ನಡದಲ್ಲಿ ಬರೆದದ್ದಾದರೆ ಇನ್ನೂ ಸಂತೋಷ.